ಹತ್ತಿರದ ಮನಿ, ದೂರದ ಓಣಿ

ಸೇಡಂ ರಸ್ತೆ, ಕಲಬುರಗಿ
11 ಆಗಸ್ಟ್ 2024

ಅಪ್ಪಾ,

ಜೈ ಭೀಮ್. ಕಾಗದದ ಮ್ಯಾಲ ಇದನ್ನ ಬರಿಯೂದು ಸಸಾರ. ಕಾಗದಕ್ಕ ದನಿ ಇಲ್ಲ.

ಫೋನ್ ಯಾಕ ಎತ್ತವಲ್ಲಳು ಅಂತ ನೀ ಮಾನಮ್ಮನ ಮುಂದ ಸಿಟ್ಟಾದಿ ಅಂತ. ಕಾರಣ ಹೇಳ್ತೀನಿ. ನೀ ಫೋನ್ ಹಚ್ಚಿದ ಕೂಡಲೆ ಮೊದಲ ಮಾತು ಜೈ ಭೀಮ್. ಕಿವಿ ಮಂದ ಆದಾಗಿಂದ ಅದನ್ನ ಒದರತೀದಿ. ಫೋನು ನನ್ನ ಕಿವಿಗೆ ಹತ್ತಿದ್ರೂ ನಿನ್ನ ದನಿ ಖೋಲಿ ತುಂಬ ಕೇಳಸ್ತದ. ನಾವಿರೋ ಹಿಂದಿನ ಖೋಲಿಗೂ ಮಾಲಕರ ದೇವರ ಖೋಲಿಗೂ ನಡುವ ಒಂದೇ ಗ್ವಾಡಿ, ಗ್ವಾಡಿ ಮ್ಯಾಲ ಒಂದು ಜಾಳಗಿ ಕಿಟಕಿ. ಅವರ ಗಂಟಿ ನನಗ ಕೇಳಸ್ತದ ಅಂದ ಮ್ಯಾಲ ನಿನ್ನ ಜೈ ಭೀಮ್ ಅವರಿಗೆ ಕೇಳಸಾಂಗಿಲ್ಲೇನು? ಅದಕ್ಕ ಇನ್ನ ಮ್ಯಾಲ ಪತ್ರ. ಮಾನಮ್ಮ ದಿನಾ ಕಮಲಾಪುರದಿಂದ ನಮ್ಮ ದವಾಖಾನಿಗೆ ಆಯಾ ಕೆಲಸಕ್ಕ ಬರ್ತಾಳಲ್ಲ, ಆಕಿ ಕೈಯಾಗ ಕೊಟ್ಟು ಕಳಸು.

ಹೌದು, ಮನಿ ಹಿಡದೀನಿ. ನಿನಗ ಹೇಳದ ಹಿಡದೀನಿ.

ಹೋದ ವರ್ಷ ಕಮಲಾಪುರದಿಂದ ದಿನಾ ಬಸ್ಸಿಗೆ ಓಡಾಡಿ ಏನಾತು ಅನ್ನೋದು ನೀ ಕಣ್ಣಾರೆ ಕಂಡೀದಿ. ಕುಂದ್ರಾಕ ಜಾಗ ಇಲ್ಲದ ನಿಂತೇ ಬರ್ತಿದ್ದೆ. ಒಂದಿನ ಲ್ಯಾಬಿಗೆ ಬಂದು ಬಿಳಿ ಕೋಟು ತೊಡೂದ್ರಾಗ ಕಾಲ ತುಂಬ ರಕ್ತ. ಊರ ಮಂದಿ ರಕ್ತ ತಗದು ಪರೀಕ್ಷಾ ಮಾಡೋ ನಾನು ನನ್ನ ರಕ್ತ ನೋಡಿ ಕೆಳಗ ಬಿದ್ದೆ. ಆ ಕೂಸು ಉಳೀಲಿಲ್ಲ. ಈಗ ಮತ್ತ ಮೂರು ತಿಂಗಳು. ಬಸ್ಸಿನಾಗ ನಿಂತು ಓಡಾಡೂದು ಪೂರಾ ಬಂದ್ ಆಗಬೇಕು ಅಂತ ಡಾಕ್ಟರಮ್ಮ ಹೇಳ್ಯಾರ.

ಕೋಟನೂರದಾಗ ದತ್ತಪ್ಪ ಕಾಕಾ ನಮ್ಮ ಮಂದಿ ಓಣಿಯಾಗ ತನ್ನದೊಂದು ಮನಿ ಖಾಲಿ ಇಟ್ಟಾನ, ನನಗ ಗೊತ್ತದ. ಹೋಗಿ ನೋಡಿ ಬಂದೀನಿ. ಕೋಟನೂರಿಗೆ ಬಸ್ಸು ಬರ್ತದ, ನಮ್ಮ ಓಣಿ ತನಕ ಬರಾಂಗಿಲ್ಲ. ಕೆಸರಾಗ ನಡದು ರಸ್ತೆಗೆ ಬರಬೇಕು, ಒಂದು ಬಸ್ ಹಿಡದು ಸ್ಟ್ಯಾಂಡಿಗೆ ಹೋಗಬೇಕು, ಅಲ್ಲಿಂದ ಇನ್ನೊಂದು. ನಿನ್ನ ಅಳಿಯ ಗೌತಮನ್ನ ಸಿಮೆಂಟ್ ಫ್ಯಾಕ್ಟರಿ ಕೆಲಸಕ್ಕ ಒಯ್ಯೋ ಗಾಡಿ ಹೊಂಡೂದು ಸೇಡಂ ರಸ್ತೆಯಿಂದ. ಅಂವ ಊರಿನ ಆ ತುದಿಯಿಂದ ಈ ತುದಿಗೆ ಬೆಳಕು ಹರಿಯೂದ್ರಾಗ ಮುಟ್ಟಬೇಕು. ಇಲ್ಲಿಂದಾದ್ರ ನನ್ನ ದವಾಖಾನಿ ನಡದ್ರ ಹತ್ತು ನಿಮಿಷ.

ಮನಿ ತೋರಿಸಿದವರು ಲಾಲ್ ಅಹ್ಮದ್ ಅಂತ ಆಟೋದವರು. ಬಾಗಲ ಬಡಿಯೂಕ ಮೊದಲ ನನ್ನ ಕಡಿ ತಿರಗಿ ಅಂದ್ರು: "ಅಮ್ಮಾ, ಈ ಲೇಔಟಿನಾಗ ಎಷ್ಟೋ ಮಂದಿಗೆ ಮನಿ ಕೊಡಿಸೀನಿ. ನನಗ ಒಂದೂ ಕೊಡಾಂಗಿಲ್ಲ. ನಿಮ್ಮ ಹೆಸರು ಅರ್ಧಾ ಹೇಳ್ರಿ, ಸಾಕು."

ಶೀಲಾ ಅಂದೆ. ಮಾಲಕರ ಹೆಂಡತಿ ಸಾವಿತ್ರೀಬಾಯಿ ಊಟದ್ದು ಹ್ಯಾಂಗ ಅಂತ ಕೇಳಿದ್ರು. ಮನಿಯಾಗ ಮಾಂಸ ಮಾಡಾಂಗಿಲ್ಲರೀ ಅಂದೆ. ಇದು ಸುಳ್ಳಲ್ಲ. ಅವರು ತಮಗ ಬೇಕಾದ್ದು ಕೇಳಿಸಿಕೊಂಡ್ರು, ನಾ ಕೇಳಿಸಿಕೊಳ್ಳಾಕ ಬಿಟ್ಟೆ.

ಅಂಜಿಕಿ ಆಗತದ. ಆದ್ರ ಈ ಕೂಸು ಉಳೀಬೇಕು ಅಪ್ಪಾ.

ಅವ್ವಗೂ ಓದಿ ಹೇಳು,
ಪಂಚಶೀಲಾ

*

ಕಮಲಾಪುರ
16 ಆಗಸ್ಟ್ 2024

ಪಂಚಶೀಲಾ,

ಪೂರಾ ಹೆಸರು ಬರದೀನಿ. ಇಲ್ಲಿ ಅದರ ಅರ್ಧಾ ಕೊಯ್ಯೋರು ಯಾರೂ ಇಲ್ಲ. ಜೈ ಭೀಮ್.

ನಿನ್ನೆ ಝಂಡಾ ಏರಿಸಿ ಲಾಡು ಹಂಚಿದ್ರು. ಲಾಡು ಒಂದು ಕೈಯಾಗ, ನಿನ್ನ ಪತ್ರ ಇನ್ನೊಂದು ಕೈಯಾಗ. ತಿನ್ನಾಕ ಆಗಲಿಲ್ಲ, ಸೊಸಿ ಸಪ್ನಾನ ಕೈಯಾಗ ಕೊಟ್ಟುಬಿಟ್ಟೆ.

ಕೋಟನೂರದ ನಮ್ಮ ಓಣಿ ದೂರ ಅದ ಅಂತೀದಿ. ಅದನ್ನ ದೂರ ಇಟ್ಟವರು ಯಾರು? ಊರು ಅಂತ ಕಟ್ಟಿದ ದಿನದಿಂದ ನಮ್ಮನ್ನ ಊರ ಹೊರಗ ಇಟ್ರು. ಊರು ಬೆಳದು ಸಿಟಿ ಆತು, ನಮ್ಮ ಕೇರಿ ತಾನಾಗೇ ಸಿಟಿ ಒಳಗ ಬಂತು. ಆಗ ರಸ್ತೆ ನಕಾಶಿ ಬರಿಯೋರು ಏನ್ಮಾಡಿದ್ರು? ನಮ್ಮ ಓಣಿ ಬಾಜು ಹಾಯ್ದು ಹೋದ್ರು. ಬಸ್ಸು ತಿರಗೋ ಜಾಗ ನಮ್ಮ ಓಣಿಗೆ ಮೊದಲ ಮುಗಿಯೋದು, ನಳದ ಪೈಪು ನಮ್ಮ ಓಣಿಗೆ ಮೊದಲ ನಿಲ್ಲೋದು, ಇದು ಯಾವ ದೇವರ ಇಚ್ಛಾನೂ ಅಲ್ಲ, ಮನುಷ್ಯಾರು ಕುಂತು ಮಾಡಿದ ಕೆಲಸ. ಅವರು ಮಾಡಿದ ದೂರ ನೀ ಬಸರಿ ಹೊಟ್ಟಿ ಹೊತ್ತು ನಡೀಬೇಕು. ಇಲ್ಲಾ ಹೆಸರು ಕೊಯ್ದು ಅವರ ಬಾಜು ಕುಂದ್ರಬೇಕು. ಎರಡೂ ಕಡಿ ಕಿರಾಯಿ ಕೊಡಾಕಿ ನೀನೇ.

ಇಷ್ಟೆಲ್ಲಾ ನನಗ ಗೊತ್ತದ. ಆದ್ರೂ ಕೇಳ್ತೀನಿ. ಅಡಗೋರು ಕಳ್ಳರು. ನೀ ಏನು ಕದ್ದೀದಿ?

ನಾ ಸಿಟ್ಟಾಗೀನಿ ಅಂತ ನಿಮ್ಮವ್ವ ಅಂತಾಳ. ಸಿಟ್ಟಲ್ಲ ಇದು. ಗೊತ್ತಾದ ದಿನ ಅವರು ಏನು ಮಾಡ್ತಾರ ಅಂತ ವಿಚಾರ ಮಾಡಿ ಮಾಡಿ ನಿದ್ದಿ ಹತ್ತವಲ್ಲದು. ಗೌತಮ ಪಾಳಿಗೆ ಹೋಗಿರ್ತಾನ, ನೀ ಒಬ್ಬಾಕೇ ಇರ್ತೀದಿ. ಗೇಟಿನ ಕೀಲಿ ಯಾರ ಕೈಯಾಗಿರ್ತದ?

ಕೊಡ ಎತ್ತಬ್ಯಾಡ ಅಂತ ನಿಮ್ಮವ್ವ ಹೇಳ್ಯಾಳ.

ನಿನ್ನಪ್ಪ
ಮಾಣಿಕಪ್ಪ

*

ಕಲಬುರಗಿ
22 ಸೆಪ್ಟೆಂಬರ್ 2024

ಅಪ್ಪಾ, ಜೈ ಭೀಮ್.

ಬರಿಯಾಕ ತಡಾ ಆತು. ಮನಿಯಾಗ ಬರಿಯಾಕ ಧೈರ್ಯ ಸಾಲವಲ್ಲದು, ಲ್ಯಾಬಿನಾಗ ಮಧ್ಯಾಹ್ನ ಒಂದಿಷ್ಟು ವ್ಯಾಳೆ ಸಿಗತದ.

ಮೊದಲ ಛಲೋ ಸುದ್ದಿ. ನಡಿಗಿ ಖರೇನ ಹತ್ತು ನಿಮಿಷ. ಬೇವಿನ ನೆರಳಾಗ ಬರ್ತೀನಿ. ಕಾಲಿಗೆ ಬಾವು ಇಲ್ಲ, ರಕ್ತ ಕಂಡಿಲ್ಲ. ಸ್ಕ್ಯಾನಿನಾಗ ಕೂಸು ಕೈ ಮಡಚಿಕೊಂಡು ಮಲಗ್ಯದ.

ಮಿಕ್ಕದ್ದು ಕೇಳಬ್ಯಾಡ ಅಂದ್ರೂ ನೀ ಕೇಳ್ತೀದಿ. ನನ್ನ ಕೊರಳಾಗಿನ ದವಾಖಾನಿ ಗುರುತಿನ ಕಾರ್ಡಿನ ಮ್ಯಾಲ ಪಂಚಶೀಲಾ ಮಾಣಿಕಪ್ಪ ಅಂತ ಪೂರಾ ಹೆಸರದ. ಓಣಿ ಮೂಲಿಯ ಔಷಧ ಅಂಗಡಿ ಬಂತಂದ್ರ ಅದನ್ನ ಕಳದು ಚೀಲದಾಗ ಹಾಕ್ತೀನಿ. ಗೌತಮನ ಫೋನಿನಾಗ ಭೀಮಗೀತದ ಗಂಟಿ ಇತ್ತಲ್ಲ, ತಗಸೀನಿ. ಅಂವ ಜಳಕ ಮಾಡೋ ಮುಂದ ಗುಣಗುಣ ಅಂದ್ರ ನಾ ಹೊರಗಿಂದ ಬಾಗಲ ಬಡೀತೀನಿ. "ಏನವ್ವ, ನೀರಿಗೂ ಜಾತಿ ಕೇಳಸ್ತದೇನು" ಅಂತಾನ. ನಗಾಂಗಿಲ್ಲ ನಾ. ಬಾಬಾಸಾಹೇಬರ ಫೋಟೋ ಕಪಾಟಿನಾಗ ಸೀರಿ ಹಿಂದ ಅದ. ಕಪಾಟು ತಗದಾಗೊಮ್ಮೆ ಅವರು ನನ್ನ ಕಡಿ ನೋಡ್ತಾರ, ನಾ ಸೀರಿ ಹುಡುಕಿದಂಗ ಮಾಡ್ತೀನಿ.

ಅವ್ವಗ ಇದೊಂದು ಹೇಳು, ನಗ್ತಾಳ. ನನಗ ಒಣಖಂಡದ ಬಯಕಿ ಹತ್ಯದ. ಮನಿಯಾಗ ಹ್ಯಾಂಗ ಮಾಡಲಿ? ಮಾನಮ್ಮ ಡಬ್ಬಿಯಾಗ ತರ್ತಾಳ. ಆಯಾಗಳ ಖೋಲಿ ಬಾಗಲ ಹಾಕ್ಕೊಂಡು ಇಬ್ಬರೂ ತಿಂತೀವಿ. ತಿಂದು ಮೂರು ಸಲ ಬಾಯಿ ಮುಕ್ಕಳಿಸಿ, ಸೋಂಪು ಜಗದು, ಆಮ್ಯಾಲ ಮನಿಗೆ ಹೋಗ್ತೀನಿ.

ಬೈಯೋರಿಗೆ ಅಂಜೂದು ಗೊತ್ತಿತ್ತು. ಪ್ರೀತಿ ಮಾಡೋರಿಗೆ ಅಂಜೂದು ಇಲ್ಲೇ ಕಲಿತೆ. ಸಾವಿತ್ರೀಬಾಯಿ ದಿನಾ ಏನಾರ ತರ್ತಾರ. ಬಿಸಿ ಅನ್ನ, ಮೆತ್ಕೂಟ ಪುಡಿ, ಮ್ಯಾಲ ತುಪ್ಪ. ಅವರ ಮಗಳು ಮಂಜುಷಾ ಪುಣೆದಾಗ ಅದಾಳ, ಆಕಿ ಬಸರಾದಾಗ ಹತ್ತಿರ ಇರಾಕ ಆಗಲಿಲ್ಲ ಅಂತ ಕಣ್ಣೀರು ಹಾಕ್ತಾರ. ನನ್ನ ತಲಿ ಮ್ಯಾಲ ಕೈ ಇಡ್ತಾರ. ಆ ಕೈ ಯಾವಾಗ ತಗೀತಾರೋ ಅಂತ ನಾ ಕಾಯ್ತೀನಿ. ಅವರಿಗೆ ಸಕ್ಕರಿ ಕಾಯಿಲೆ. ವಾರಕ್ಕೊಮ್ಮೆ ಬೆರಳಿಗೆ ಸೂಜಿ ಚುಚ್ಚಿ ಮನಿಯಾಗೇ ನೋಡಿ ಕೊಡ್ತೀನಿ. ನನ್ನ ಕೈ ನಡಗತದ. ಇಷ್ಟು ಸಣ್ಣ ಸೂಜಿಗೆ ನನಗಿಂತ ನೀನೇ ಅಂಜತೀದಲ್ಲ ಹುಡುಗೀ ಅಂತ ನಗ್ತಾರ.

ಮೊನ್ನೆ ನಳದ ಕಡಿ ನಿಂತಿದ್ದೆ. ಮುಂದಿನ ಕಟ್ಟಿ ಮ್ಯಾಲ ಸಾವಿತ್ರೀಬಾಯಿಯವರ ಗಂಡ ಗುರುರಾಜ ರಾಯರು ಯಾರಿಗೋ ಹೇಳಾಕತ್ತಿದ್ರು. ನನಗಿಂತ ಮೊದಲ ಈ ಖೋಲಿಯಾಗ ಇದ್ದವರು "ಆ ಮಂದಿ" ಅಂತ ಆಮ್ಯಾಲ ಗೊತ್ತಾತಂತ. ಬಿಡಸಿದ್ರಂತ. ಬಿಡಸಿ, ಗ್ವಾಡಿಗೆಲ್ಲ ಹೊಸಾ ಬಣ್ಣ ಹಚ್ಚಿಸಿದ್ರಂತ.

ಬಂದ ದಿನ ಖೋಲಿ ತುಂಬ ಹೊಸಾ ಬಣ್ಣದ ವಾಸನಿ ಇತ್ತಪ್ಪಾ. ನಾ ಎಷ್ಟು ಖುಷಿ ಪಟ್ಟಿದ್ದೆ. ಈಗ ಗ್ವಾಡಿಗೆ ಬೆನ್ನು ಹಚ್ಚಿ ಕುಂದ್ರಾಕ ಆಗವಲ್ಲದು.

ಪಂಚಶೀಲಾ

*

ಕಮಲಾಪುರ
15 ಅಕ್ಟೋಬರ್ 2024

ಪಂಚೂ, ಜೈ ಭೀಮ್.

ನಿನ್ನೆ ಧಮ್ಮ ದೀಕ್ಷೆಯ ದಿನ. ಓಣಿ ಮಂದಿ ಎಲ್ಲಾ ಬಿಳಿ ಅರಿವಿ ಉಟ್ಟು ಕೂಡಿದ್ವಿ. ವಂದನಾ ಹೇಳಿಕೊಡಾಕಿ ಪ್ರತಿ ವರ್ಷ ನೀನೇ ಇರ್ತಿದ್ದಿ. ಈ ವರ್ಷ ಸಪ್ನಾ ಹೇಳಿದಳು, ನಡುವ ಮರತಳು, ಮಂದಿ ನಕ್ಕರು. ನಾ ನಗಲಿಲ್ಲ.

ಸಿಟ್ಟಿನ ಮಾತು ಬರಿಯಾಂಗಿಲ್ಲ ಅಂತ ಠರಾವು ಮಾಡೀನಿ. ಬಣ್ಣದ ಮಾತು ಬರದೀದಿ, ಅದನ್ನ ಓದಿದಾಗಿಂದ ಕೋಪ ಹೋಗಿ ಬರೇ ಚಿಂತಿ ಉಳದದ. ಕೋಟನೂರದ ಮನಿ ದತ್ತಪ್ಪ ಇನ್ನೂ ಯಾರಿಗೂ ಕೊಟ್ಟಿಲ್ಲ. ಕೇಳೀನಿ. ಇಷ್ಟ ಹೇಳಿ ಸುಮ್ಮನಾಗ್ತೀನಿ.

ಮಾನಮ್ಮನ ಕೈಯಾಗ ಒಂದು ಗೊನಿ ಕೆಂಪ ಬಾಳಿಹಣ್ಣು ಕಳಸೀನಿ. ತೋಟದ ಮಾಲಕರ ಕಡಿಂದ ಕೇಳಿ ತಂದದ್ದು, ಕದ್ದದ್ದಲ್ಲ. ಕೂಸಿಗೆ ಛಲೋ.

ಅಪ್ಪ

*

ಕಲಬುರಗಿ
24 ನವೆಂಬರ್ 2024

ಅಪ್ಪಾ, ಅವ್ವ,

ಜೈ ಭೀಮ್. ಈ ಪತ್ರ ಬರದು ಹರದು, ಹರದು ಬರದೀನಿ.

ನೀ ಕಳಸಿದ ಬಾಳಿಹಣ್ಣಿನಾಗ ಒಂದು ಚಿಪ್ಪು ಸಾವಿತ್ರೀಬಾಯಿಗೆ ಕೊಟ್ಟಿದ್ದೆ. ದೇವರಿಗೆ ಎಡಿ ಹಿಡದು, ಮಂದಿಗೆಲ್ಲ ಪ್ರಸಾದ ಹಂಚಿದ್ರು. ನಮ್ಮ ಶೀಲಾನ ಅಪ್ಪನ ತೋಟದ್ದು ಅಂತ ಹೇಳಿಕೋತ ಹಂಚಿದ್ರು. ನಮ್ಮಪ್ಪ ಬಾಳಿ ತೋಟದಾಗ ಅದಾನ ಅಂದಿದ್ದೆ ಅಷ್ಟ. ತೋಟ ನಮ್ಮದೇ ಅಂತ ತಿಳಕೊಂಡಾರ. ನಾ ಅಲ್ಲ ಅನ್ನಲಿಲ್ಲ.

ಈಗ ನನಗ ಕುಬಸ ಮಾಡ್ತೀನಿ ಅಂತ ಹಟ ಹಿಡದಾರ. ಏಳನೇ ತಿಂಗಳದಾಗ ಬಸರಿ ಹೆಣ್ಣುಮಗಳನ್ನ ಸುಮ್ನ ಬಿಡಬಾರದಂತ. ಹಸರು ಬಳಿ ತಂದಾರ. ಬ್ಯಾಡರೀ ಅಂದೆ, ನಮ್ಮ ಕಡಿ ಪದ್ಧತಿ ಇಲ್ಲ ಅಂದೆ. "ಕುಬಸ ಮಾಡದ ಯಾವ ಮಂದಿ ನೀವು?" ಅಂದ್ರು. ನಗಕೋತನ ಅಂದ್ರು. ನನ್ನ ಹೊಟ್ಟಿಯಾಗಿನ ಕೂಸು ಸುದ್ದಾ ಗಪ್ ಆತು. ಹೂಂ ಅಂದುಬಿಟ್ಟೆ.

ಡಿಸೆಂಬರ್ ಎಂಟು, ರವಿವಾರ. ತವರಮನಿ ಮಂದಿ ಬರಲೇಬೇಕಂತ. ಬರಲಿಲ್ಲ ಅಂದ್ರ ಯಾಕ ಬರಲಿಲ್ಲ ಅಂತ ಕೇಳ್ತಾರ. ಬಂದ್ರ...

ಅಪ್ಪಾ, ಹ್ಯಾಂಗ ಹೇಳಲಿ. ಬಾ. ಆದ್ರ ಬಾಗಲದಾಗ ಜೈ ಭೀಮ್ ಅನಬ್ಯಾಡ. ನೀಲಿ ಶಾಲು ಹೊತ್ತುಕೊಂಡು ಬರಬ್ಯಾಡ. ತೋಟದ ಮಾತು ಬಂದ್ರ ಸುಮ್ಮನಿರು. ಎರಡು ತಾಸಿನ ಮಾತು. ಹೆರಿಗಿ ಆಗೋ ತನಕ ಅಷ್ಟೇ ಈ ಮನಿ. ಆಮ್ಯಾಲ ನೀ ಹೇಳಿದಲ್ಲಿ ಇರ್ತೀನಿ.

ನಿನಗ ಇದನ್ನ ಕೇಳಾಕತ್ತಾಕಿ ನಿನ್ನ ಮಗಳೇ ಹೌದು.

ಪಂಚಶೀಲಾ

*

ಕಮಲಾಪುರ
28 ನವೆಂಬರ್ 2024

ಪಂಚಶೀಲಾಗ ಅವ್ವ ಹೇಳಿ ಬರಸೋದು. ಬರಿಯಾಕಿ ಸಪ್ನಾ ವೈನಿ.

ನಿಮ್ಮಪ್ಪ ಪತ್ರ ಓದಿ ಅಂಗಿ ಕಿಸೆದಾಗ ಇಟ್ಟಾನ. ಯಾರ ಜೋಡಿನೂ ಮಾತಿಲ್ಲ. ತೋಟಕ್ಕ ಹೋಗ್ತಾನ, ಬರ್ತಾನ, ರೊಟ್ಟಿ ತಿಂತಾನ. ನಿನ್ನೆ ಕೇಳಿದೆ, ಏನು, ಹೋಗೋದೋ ಇಲ್ಲೋ? ಹೋಗೂಣು ಅಂದ. ಅಷ್ಟ.

ನನ್ನ ಮಾತು ಕೇಳು. ನಾ ಅಕ್ಷರ ಕಲಿತಾಕಿ ಅಲ್ಲ, ನಿಮ್ಮಂಗ ತತ್ವ ಹೇಳಾಕ ಬರಾಂಗಿಲ್ಲ. ಮೂರು ಹಡದೀನಿ, ಒಂದು ಮಣ್ಣಿಗೆ ಕೊಟ್ಟೀನಿ. ಕೂಸು ಹೊಟ್ಟಿಯಾಗ ಇರೋ ತನಕ ತಾಯಿ ಹುಲಿ ಬಾಯಾಗ ಬೇಕಾದ್ರೂ ಮನಿ ಮಾಡ್ಯಾಳು. ನೀ ಮಾಡಿದ್ದಕ್ಕ ನಾಚಬ್ಯಾಡ. ಆಕಿ ಉಡಿ ತುಂಬು ಅಂದ್ರ ತುಂಬತೀನಿ. ನನ್ನ ಮಗಳ ಉಡಿ ಅದು, ನಾನೇ ತುಂಬಬೇಕು.

ಆದ್ರ ಒಂದು. ನಿಮ್ಮಪ್ಪ ಬಾಯಿ ಮುಚ್ಚಿದ್ದು ನಾ ನೋಡಿಲ್ಲ. ಪೊಲೀಸ್ ಸ್ಟೇಶನ್ನಿನಾಗೂ ಮುಚ್ಚಿರಲಿಲ್ಲ. ಈಗ ಮುಚ್ಯಾನ. ಅದನ್ನ ನೋಡಿ ನನಗ ಅಂಜಿಕಿ ಆಗಾಕತ್ಯದ.

(ಅತ್ತಿ ಇಲ್ಲಿಗೆ ನಿಲ್ಲಿಸಿದ್ರು, ಕಣ್ಣು ಒರಸಿಕೊಳ್ಳಾಕತ್ತಾರ. ಮಾವ ಹಿತ್ತಲದಾಗ ಕನ್ನಡಿ ಮುಂದ ನಿಂತು ನಮಸ್ಕಾರರೀ, ನಮಸ್ಕಾರರೀ ಅಂತ ರೂಢಿ ಮಾಡಾಕತ್ತಿದ್ದು ನಾ ನೋಡೀನಿ. ನಿನಗ ಹೇಳಬಾರದಂತ ಇದ್ದೆ. ಸಪ್ನಾ)

ನಿನ್ನವ್ವ
ಕಸ್ತೂರಿಬಾಯಿ

*

ಕಲಬುರಗಿ
10 ಡಿಸೆಂಬರ್ 2024

ಅಪ್ಪಾ, ಜೈ ಭೀಮ್.

ಲ್ಯಾಬಿನಾಗ ಕುಂತು ಬರಿಯಾಕತ್ತೀನಿ.

ನಾಲಿಗಿ ನೀ ಬರೋಬ್ಬರಿ ಕಾಯ್ದಿ. ರಾಯರು ನಮಸ್ಕಾರ ಅಂದ್ರ ನಮಸ್ಕಾರರೀ ಅಂದಿ. ಶಾಲು ಇರಲಿಲ್ಲ. ತೋಟದ ಮಾತು ಬಂದಾಗ ಈ ವರ್ಷ ಗಾಳಿಗೆ ಗಿಡಾ ಬಿದ್ದಾವರೀ ಅಂದಿ, ಅದು ಸುಳ್ಳೂ ಅಲ್ಲ. ಅವ್ವ ಉಡಿ ತುಂಬಿದಳು, ಆಕಿ ಕೈ ಒಂದೀಟೂ ನಡಗಲಿಲ್ಲ.

ಆದ್ರ ಗೇಟಿನಾಗ ನೀ ಏನು ಮಾಡಿದಿ ಅಪ್ಪಾ?

ಬಂದವರೆಲ್ಲ ಮೆಟ್ಟಲ ಮುಂದ ಚಪ್ಪಲಿ ಬಿಟ್ಟಿದ್ರು. ನೀ ಗೇಟಿನಾಗೇ ಕಳದಿ. ಕಳದು ಅಲ್ಲೇ ಬಿಟ್ಟಿದ್ರೂ ನಡೀತಿತ್ತು. ಎತ್ತಿಕೊಂಡಿ. ಎರಡೂ ಚಪ್ಪಲಿ ಬಗಲಾಗ ಹಿಡಕೊಂಡು, ಬೆನ್ನು ಬಗ್ಗಿಸಿ, ರಂಗೋಲಿಗೆ ದೂರ ಸರದು, ಕಂಪೌಂಡ್ ಗ್ವಾಡಿ ಹಿಡದು ನಡದಿ. ಅರಿವಿ ಒಗಿಯೋ ಕಲ್ಲಿನ ಹಿಂದ ಇಟ್ಟಿ. ಕುರ್ಚಿ ಹಾಕಿದ್ರ ಅದರ ಬಾಜು ನೆಲಕ್ಕ ಕುಂತಿ. ಮ್ಯಾಲ ಕುಂದರ್ರಿ ಅಂತ ರಾಯರು ಅಂದ್ರ ಇರಲ್ರೀ ಯಪ್ಪಾ ಅಂದಿ. ನಿನಗಿಂತ ಸಣ್ಣಾಂವಗ ಯಪ್ಪಾ ಅಂದಿ.

ನೀ ಅಪ್ಪಾ. ಹರೇದಾಗ ಗೌಡರ ಓಣಿಯಾಗ ಚಪ್ಪಲಿ ಮೆಟ್ಟಿ ನಡದಿ ಅಂತ ಹಿಮ್ಮಡ ಮುರಸಿಕೊಂಡಾಂವ. ಇವತ್ತಿಗೂ ಆ ಕಾಲು ಎಳೀತೀದಿ. ಕಾಲು ಮುರದವರಿಗೆ ಆವತ್ತು ಕೈ ಮುಗಿಯದಾಂವ ಮೊನ್ನೆ ಯಾರೂ ಕೇಳದ ಚಪ್ಪಲಿ ಕೈಯಾಗ ಹಿಡದಿ. ಜೈ ಭೀಮ್ ಅನಬ್ಯಾಡ ಅಂತ ನಾ ಬರದಿದ್ದೆ. ಹಿಂಗ ಮಾಡು ಅಂತ ಬರದಿದ್ದೆನೇನು?

ಸಾವಿತ್ರೀಬಾಯಿ ಆರತಿ ತಾಟು ಹಿಡದು ಬಾಗಲದಾಗ ನಿಂತಿದ್ರು. ನೋಡಿದ್ರು. ತಾಟಿನಾಗಿನ ದೀಪ ಅಲಗಾಡಿತು. ಕುಬಸ ನಿಲ್ಲಿಸಲಿಲ್ಲ, ಮಂದಿ ಕುಂತಿತ್ತಲ್ಲ. ಆದ್ರ ನನ್ನ ಹಣಿಗೆ ತಾವು ಕುಂಕುಮ ಹಚ್ಚಲಿಲ್ಲ, ಬಟ್ಟಲ ನನ್ನ ಮುಂದ ಸರಿಸಿ ಹಚ್ಚಿಕೋ ಅಂದ್ರು. ಅವ್ವಗ ಸೀರಿ ಕೈಯಾಗ ಕೊಡಲಿಲ್ಲ, ಚಾಪಿ ಮ್ಯಾಲ ಇಟ್ರು. ನಿಮಗ ಇದು ಕಂಡಿತೋ ಇಲ್ಲೋ ಗೊತ್ತಿಲ್ಲ. ನನಗ ಬ್ಯಾರೆ ಏನೂ ಕಾಣಲೇ ಇಲ್ಲ.

ನೀವು ಬಸ್ಸಿಗೆ ಹೋದ ಮ್ಯಾಲ ಅವರು ಅಂಗಳಕ್ಕ ನೀರು ಹಾಕಿದ್ರು. ಇಡೀ ಅಂಗಳಕ್ಕಲ್ಲ. ಗೇಟಿನಿಂದ ಗ್ವಾಡಿಗುಂಟ ಒಗಿಯೋ ಕಲ್ಲಿನ ತನಕ. ನೀ ನಡದಷ್ಟಕ್ಕ.

ಮರದಿನ ಮುಂಜಾನೆ ರಾಯರು ಬಂದು, ನಮ್ಮ ಮಂಜುಷಾ ಬರ್ತಾಳ, ಖೋಲಿ ಬೇಕಾಗ್ತದ, ತಿಂಗಳ ಕಡೀಗೆ ಬ್ಯಾರೆ ಕಡಿ ನೋಡ್ರಿ ಅಂದ್ರು. ಅಲ್ಲಿ ತನಕ ಆ ಮನಿಯಾಗ ನನಗ ಎಲ್ಲರೂ ನೀ ಅಂತಿದ್ರು. ಈಗ ರೀ ಹಚ್ಚಿದ್ರು.

ಯಾಕ ಹಂಗ ಮಾಡಿದಿ ಅಪ್ಪಾ? ಬೈಯಾಕ ಕೇಳಾಕತ್ತಿಲ್ಲ. ತಿಳೀವಲ್ಲದು, ಅದಕ್ಕ ಕೇಳ್ತೀನಿ.

ಪಂಚಶೀಲಾ

*

ಕಮಲಾಪುರ
14 ಡಿಸೆಂಬರ್ 2024

ಪಂಚೂ,

ಅಂಜಿದೆ.

ಇದಕ್ಕಿಂತ ದೊಡ್ಡ ಉತ್ತರ ನನ್ನ ಹತ್ತಿರ ಇಲ್ಲ. ಆದ್ರೂ ಬರೀತೀನಿ.

ಬಸ್ಸಿನಾಗ ಬರೋ ತನಕ ನಾಲಿಗಿ ಒಂದೇ ಕಾಯ್ಕೋತ ಬಂದೆ. ಕಂಡಕ್ಟರಿಗೆ ಸುದ್ದಾ ನಮಸ್ಕಾರರೀ ಅಂದೆ, ನಿಮ್ಮವ್ವ ಮುಖ ಆ ಕಡಿ ಮಾಡಿದಳು. ಗೇಟು ತಗದೆ. ತುಳಸಿ ಕಟ್ಟಿ, ರಂಗೋಲಿ, ಜನಿವಾರದ ಮಂದಿ. ನಡುವ ನೀ ನಿಂತಿದ್ದಿ. ಹೊಟ್ಟಿ ಮ್ಯಾಲ ಕೈ ಇಟ್ಟುಕೊಂಡು, ಮಾರಿ ಬಿಳಿಚಿಕೊಂಡು. ನನ್ನಿಂದ ಏನಾರ ತಪ್ಪಾದ್ರ ಈ ಕೂಸು ಹೋಗ್ತದ ಅನಿಸಿತು. ಆಮ್ಯಾಲ ಕಾಲು ನನ್ನ ಮಾತು ಕೇಳಲಿಲ್ಲ. ನಮ್ಮಪ್ಪನ ಕಾಲು ಆದವು ಅವು. ಅವರಪ್ಪನ ಕಾಲು. ಚಪ್ಪಲಿ ಕೈಗೆ ಬಂದದ್ದು ಒಗಿಯೋ ಕಲ್ಲು ಮುಟ್ಟಿದ ಮ್ಯಾಲ ನನಗ ತಿಳೀತು. ಅಷ್ಟೊತ್ತಿಗೆ ಆಗಿಹೋಗಿತ್ತು.

ಗೌಡರ ಓಣಿಯಾಗ ನಡದಾಗ ನನ್ನ ಹಿಂದ ಇಡೀ ಕೇರಿ ಇತ್ತು, ಘೋಷಣಾ ಇತ್ತು, ಪೆಟ್ಟು ಬಿದ್ರ ನನಗಷ್ಟೇ ಬೀಳತಿತ್ತು. ಮೊನ್ನೆ ಬಿದ್ರ ನಿನಗ ಬೀಳತಿತ್ತು. ಧೈರ್ಯ ಅನ್ನೋದು ನನ್ನ ಮೈಯಾಗ ಅದ ಅಂತ ತಿಳಿದಿದ್ದೆ. ಅದು ಮಂದಿಯಾಗ ಇತ್ತು. ಇಷ್ಟು ವರ್ಷ ವೇದಿಕೆ ಮ್ಯಾಲ ನಿಂತು ಅಂಜಬ್ಯಾಡ್ರಿ, ಅಂಜಬ್ಯಾಡ್ರಿ ಅಂತ ಒದರಿದೆ. ಒಬ್ಬೊಬ್ಬರೇ ಪಟ್ಟಣದಾಗ ಬಾಗಲ ಬಡಿಯೋ ಮಕ್ಕಳಿಗೆ ಆ ಮಾತು ಎಷ್ಟು ಹಗುರ ಅಂತ ನನಗ ಗೊತ್ತಿರಲಿಲ್ಲ.

ಬಾ. ನೌಕರಿ ಬಿಡು. ಹೆರಿಗಿ ಇಲ್ಲೇ ಆಗಲಿ. ಇದು ಮಾಣಿಕಪ್ಪ ಆಡೋ ಮಾತಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಆದ್ರೂ ಬಾ.

ಅಪ್ಪ

*

ಕೋಟನೂರ
5 ಜನವರಿ 2025

ಅಪ್ಪಾ, ಜೈ ಭೀಮ್.

ಊರ ಹೆಸರು ನೋಡಿ ನಿನಗ ತಿಳದಿರಬೇಕು. ಬಂದುಬಿಟ್ಟೀನಿ, ಕಮಲಾಪುರಕ್ಕಲ್ಲ, ದತ್ತಪ್ಪ ಕಾಕಾನ ಮನಿಗೆ. ನೌಕರಿ ಬಿಡಾಂಗಿಲ್ಲ. ಈಗ ಬಿಟ್ರ ನಾಳೆ ಆ ಕುರ್ಚಿ ಮ್ಯಾಲ ನಮ್ಮ ಪೈಕಿ ಹುಡುಗಿ ಮತ್ತ ಯಾವಾಗ ಕುಂದ್ರತಾಳೋ. ಹೆರಿಗಿ ರಜಾ ಇನ್ನ ಮೂರು ವಾರ ಬಿಟ್ಟು. ಅಲ್ಲಿ ತನಕ ಹೋಗ್ತೀನಿ.

ಸಾಮಾನು ಕಟ್ಟೋ ದಿನ ಸಾವಿತ್ರೀಬಾಯಿ ಮುಂದ ಹೋಗಿ ನಿಂತೆ. ಹೇಳದ ಬಿಟ್ಟು ಹೋದ್ರ ಮುಂದಿನ ಮನಿಗೂ ಆ ಗ್ವಾಡಿ ಹೊತ್ತುಕೊಂಡು ಹೋಗ್ತೀನಿ ಅನಿಸಿತು. ನನ್ನ ಹೆಸರು ಪಂಚಶೀಲಾರೀ, ನಾವು ಹೊಲೆಯರ ಪೈಕಿ, ಬೌದ್ಧರು ಅಂದೆ.

ಅವರು ಅಕ್ಕಿ ಆರಿಸಾಕತ್ತಿದ್ರು. ತಲಿ ಎತ್ತಲಿಲ್ಲ. ನಿಮ್ಮಪ್ಪ ಗೇಟಿನಾಗ ನಿಂತಾಗನ ತಿಳೀತು, ನಮ್ಮ ತವರೂರ ವಾಡೇದ ಮುಂದ ಹಂಗ ಬರೋರು, ಸಣ್ಣಾಕಿ ಇದ್ದಾಗ ದಿನಾ ನೋಡೀನಿ ಅಂದ್ರು. ಆಮ್ಯಾಲ ಅಂದ್ರು: "ನೀ ಮೊದಲೇ ಹೇಳಬೇಕಿತ್ತು."

"ಹೇಳಿದ್ರ ಖೋಲಿ ಕೊಡ್ತಿದ್ರೇನ್ರಿ?"

ಒಳಗ ರಾಯರು ಗಂಟಿ ಬಾರಿಸಾಕತ್ತಿದ್ರು. ಅದು ನಿಲ್ಲೋ ತನಕ ಅವರು ಅಕ್ಕಿ ಆರಿಸಿದ್ರು. ನಿಂತ ಮ್ಯಾಲ, ಒಳಗ ಕೇಳಸದಂಗ, ಸಣ್ಣ ದನಿಯಾಗ ಅಂದ್ರು: "ಇಲ್ಲ. ಕೊಡ್ತಿರಲಿಲ್ಲ."

ಐದು ತಿಂಗಳಾಗ ನಮ್ಮಿಬ್ಬರ ನಡುವ ಆಡಿದ ಖರೆ ಮಾತು ಅದೊಂದೇ. ಅವರೂ ಅಂಜಾಕತ್ತಿದ್ರು, ನಾ ನೋಡಿದೆ. ಅವರ ಅಂಜಿಕಿಗೆ ನನಗ ಏನೂ ಮಾಡಾಕ ಆಗಾಂಗಿಲ್ಲ.

ನಮ್ಮ ಓಣಿ ಬಗ್ಗೆ ಹೊಗಳಿ ಬರೀತೀನಿ ಅಂತ ಕಾಯಬ್ಯಾಡ. ಮನಿ ಮುಂದ ಗಟಾರ ಬಾಯಿ ತಗದು ಕುಂತದ. ನೀರು ದಿನಾ ಬರಾಂಗಿಲ್ಲ. ಬಾಜು ಮನಿ ಟೀವಿ ನನ್ನ ತಲಿಯಾಗೇ ನಡೀತದ. ದತ್ತಪ್ಪ ಕಾಕಾ ಬಂದ ಮೊದಲನೇ ದಿನವೇ ಹೆಣ್ಣುಮಕ್ಕಳು ಸಂಜಿ ಆದ ಮ್ಯಾಲ ಬರೋದು ಸರಿ ಅಲ್ಲ ಅಂದ. ನನ್ನ ಪಾಳಿ ದವಾಖಾನಿ ಬರೀತದ ಕಾಕಾ, ನೀ ಬರಿಯಾಂಗಿಲ್ಲ ಅಂದೆ. ಗೌತಮ ನಕ್ಕ. ಜಳಕದ ಖೋಲಿಯಾಗ ಹಾಡಿದ, ದನಿ ಒಡಕು ಒಡಕು.

ದೂರ ಮಾತ್ರ ದೂರನ. ಬಸ್ಸಿನ ಒಂದೊಂದು ತಗ್ಗಿಗೂ ಹೊಟ್ಟಿ ಹಿಡಕೊಳ್ತೀನಿ. ನಿನಗ ಸುಳ್ಳು ಹೇಳಾಂಗಿಲ್ಲ, ಆ ರಸ್ತೆಗೆ ನಾ ಭಾಳ ಅಂಜತೀನಿ. ಕೂಸು ಒಂದು ತಾಸು ಅಲಗಾಡಲಿಲ್ಲ ಅಂದ್ರ ಹೊಟ್ಟಿ ಮ್ಯಾಲ ಕೈ ಆಡಿಸಿ ಎಬ್ಬಸ್ತೀನಿ. ಮೊದಲ ಗ್ವಾಡಿಗೆ ಅಂಜತಿದ್ದೆ, ಕಿಟಕಿಗೆ, ಫೋನಿಗೆ, ನಗುವಿಗೆ, ಅನ್ನದ ಮ್ಯಾಲಿನ ತುಪ್ಪಕ್ಕ. ಈಗ ರಸ್ತೆಗಷ್ಟ.

ಮೊನ್ನೆ ಮುಂಜಾನೆ ಬಸ್ಸು ತುಂಬಿ ಬಂತು. ಹತ್ತಿದೆ. ಕಂಬಿ ಹಿಡದು ನಿಂತೆ. ಆವತ್ತು ಲ್ಯಾಬಿನಾಗ ಕಂಡ ರಕ್ತ ನೆನಪಾತು. ಯಾರೂ ಏಳಲಿಲ್ಲ, ಎಲ್ಲರೂ ಫೋನ್ ನೋಡಾಕತ್ತಿದ್ರು. ಅಪ್ಪಾ, ನಾ ಒದರಿದೆ. ಐದು ತಿಂಗಳು ಪಿಸುಪಿಸು ಮಾತಾಡಿದ ಬಾಯಿ, ಹ್ಯಾಂಗ ಒದರಿತೋ ಗೊತ್ತಿಲ್ಲ. "ಎಂಟು ತಿಂಗಳ ಬಸರಿ ಅದೀನಿ, ಯಾರಾರ ಏಳ್ರಿ" ಅಂದೆ. ಇಡೀ ಬಸ್ಸು ತಿರಗಿ ನೋಡಿತು. ಒಬ್ಬ ಮುದುಕ ಎದ್ದ.

ಆ ಸೀಟಿನ ಬಾಜು ಒಬ್ಬಾಕಿ ನಡುವಯಸ್ಸಿನಾಕಿ, ಬಂಗಾರದ ಬಳಿ, ಉಡಿಯಾಗ ಹೂವಿನ ಬುಟ್ಟಿ, ಯಾವುದೋ ಗುಡಿಗೆ ಹೊಂಟಿರಬೇಕು. ನನ್ನ ಮಾರಿ ನೋಡಿದಳು, ಹೊಟ್ಟಿ ನೋಡಿದಳು. ಬಾ ತಂಗಿ ಅಂದಳು. ಕುಂದ್ರೂಕ ಮೊದಲ ಕೇಳಿದಳು, ಎಲ್ಲರೂ ಕೇಳೋ ಹಂಗ, ಸಹಜ: "ಯಾರ ಪೈಕಿ ನೀವು?"

ಬಸ್ಸು ತಗ್ಗಿನಾಗ ಇಳಿದು ಹತ್ತಿತು. ಒಂದು ಕೈಯಾಗ ಕಂಬಿ, ಒಂದು ಕೈಯಾಗ ಕೂಸು. ಕುಂತ ಮ್ಯಾಲ ಹೇಳಬಹುದಿತ್ತು. ಹೇಳದೇನೂ ಇರಬಹುದಿತ್ತು.

ನಿಂತೇ ಹೇಳಿದೆ.

ಆಕಿ ಬುಟ್ಟಿ ಎತ್ತಿಕೊಂಡು ಕಿಟಕಿ ಕಡಿ ಸರದಳು. ನನಗ ಜಾಗ ಮಾಡಾಕ ಸರದಳೋ, ನನ್ನಿಂದ ದೂರ ಆಗಾಕ ಸರದಳೋ, ನನಗ ಗೊತ್ತಾಗಲಿಲ್ಲ. ಜಾಗ ಮಾತ್ರ ಆತು. ಕುಂತೆ.

ನಿನ್ನ ಮಗಳು
ಪಂಚಶೀಲಾ ಮಾಣಿಕಪ್ಪ